ಅವಳಿಗೇನು ಇಷ್ಟವಿತ್ತು

ಮಕ್ಕಳೇ, ನಿಮಗೆ ಒಬ್ಬ ಅತ್ತೆ ಇದ್ದಳು. ನಿಮ್ಮಪ್ಪನಿಗಿಂತ ಏಳು ವರ್ಷ ದೊಡ್ಡವಳು, ನನ್ನ ಚೊಚ್ಚಲ ಕೂಸು. ಹನ್ನೊಂದು ತುಂಬಿದ ವರ್ಷ ಮೆದುಳು ಜ್ವರ ಬಂದು ನಾಲ್ಕೇ ದಿನದಲ್ಲಿ ಹೋದಳು. ಇದನ್ನು ನಿಮ್ಮೆಲ್ಲರನ್ನೂ ಕೂರಿಸಿಕೊಂಡು ಹೇಳಲು ನನ್ನಿಂದ ಆಗಲಿಲ್ಲ. ನಾಲ್ಕು ಜನರ ಮುಂದೆ ಮಾತಾಡಬೇಕೆಂದರೆ ಚಿಕ್ಕಂದಿನಿಂದಲೂ ನನ್ನ ನಾಲಿಗೆ ಒಣಗುತ್ತದೆ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಬರೆಯಲು ಬರುತ್ತದೆ, ಆದ್ದರಿಂದ ಬರೆಯುತ್ತಿದ್ದೇನೆ.

ಪಿತೃಪಕ್ಷದ ಅಮಾವಾಸ್ಯೆಗೆ ನಾವೆಲ್ಲ ಮಂಡ್ಯದ ಗುತ್ತಲಿನಿಂದ ಬಸ್ಸು ಹತ್ತಿ ಚಿಕ್ಕರಸಿನಕೆರೆ ಹತ್ತಿರದ ನಮ್ಮೂರಿಗೆ ಹೋಗುವುದು ನಿಮಗೆ ಗೊತ್ತು. ಅಲ್ಲಿ ನನ್ನ ಮೈದುನ, ಎಂದರೆ ನಿಮ್ಮ ಚಿಕ್ಕತಾತ, ನಡುಮನೆಯಲ್ಲಿ ಸಾಲಾಗಿ ಬಾಳೆಲೆ ಹಾಕಿ ಸತ್ತವರಿಗೆ ಎಡೆ ಇಡುತ್ತಾನೆ. ಯಾರಿಗೆ ಏನು ಇಷ್ಟವಿತ್ತೋ ಅದು ಅವರ ಎಲೆಗೆ. ನಿಮ್ಮ ಮುತ್ತಾತನಿಗೆ ಕಳ್ಳು, ಮುತ್ತಜ್ಜಿಗೆ ಎಲೆ ಅಡಿಕೆ ಕಡ್ಡಿಪುಡಿ, ನಿಮ್ಮ ತಾತನಿಗೆ ಬೋಟಿ ಗೊಜ್ಜು ಮತ್ತು ಒಂದು ಕಟ್ಟು ಬೀಡಿ. ಆಮೇಲೆ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಜಗಲಿಯಲ್ಲಿ ಕೂರುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು.

ನನ್ನ ಮಗಳಿಗೆ ಆ ಸಾಲಿನಲ್ಲಿ ಎಂದೂ ಎಲೆ ಹಾಕಿರಲಿಲ್ಲ. ಮದುವೆಯಾಗದೆ ಹೋದವರು ಹಿರೀಕರಲ್ಲ, ಅವರಿಗೆ ಎಡೆ ಇಲ್ಲ, ಅದು ನಮ್ಮ ಮನೆಯ ಪದ್ಧತಿ. ನಿಮ್ಮ ತಾತನನ್ನು ನಾನು ಕೇಳಲಿಲ್ಲ. ಅವರೂ ಆ ಮಾತು ಎತ್ತಲಿಲ್ಲ. ಹಾಗೇ ಮೂವತ್ತಕ್ಕೂ ಮೇಲೆ ಅಮಾವಾಸ್ಯೆಗಳು ಕಳೆದವು. ಇನ್ನು ಕೇಳುವುದೇ ಇಲ್ಲ ಎಂದುಕೊಂಡಿದ್ದೆ.

ಕೇಳುವ ಹಾಗೆ ಮಾಡಿದ್ದು ಸ್ಪ್ಯಾನಿಷ್ ಪಾಠ.

ನಿಮ್ಮಲ್ಲಿ ದೊಡ್ಡವಳು ಎಂಟನೇ ಕ್ಲಾಸಿಗೆ ಬಂದಾಗ ಅವಳ ಶಾಲೆಯಲ್ಲಿ ಆ ಭಾಷೆ ಶುರು ಮಾಡಿದರು. ಮಂಡ್ಯದ ಮಕ್ಕಳಿಗೆ ಅದು ಯಾಕೆ ಎಂದು ನಿಮ್ಮಪ್ಪ ಗೊಣಗಿದ. ಅವಳು ಹಟ ಹಿಡಿದು ಸೇರಿದಳು. ಮಾತಾಡಿ ಅಭ್ಯಾಸ ಮಾಡಲು ಮನೆಯಲ್ಲಿ ಯಾರಾದರೂ ಬೇಕಿತ್ತು. ಅಪ್ಪ ಅಮ್ಮ ಇಬ್ಬರೂ ಆಫೀಸಿನಿಂದ ಬರುವುದು ಸಂಜೆ ಕಳೆದ ಮೇಲೆ. ಸೊಪ್ಪು ಸೋಸುತ್ತಾ ಕೂತಿರುತ್ತಿದ್ದ ನಾನು ಸಿಕ್ಕಿಬಿದ್ದೆ.

"ಓಲಾ ಅನ್ನಜ್ಜಿ. ನಮಸ್ಕಾರ ಅಂತ."

"ಓಲಾ" ಎಂದೆ. ಅವಳು ಪುಸ್ತಕ ತೋರಿಸಿದಳು. ಅಲ್ಲಿ ಮೊದಲಿಗೆ ಇಂಗ್ಲಿಷಿನ ಎಚ್ ಇತ್ತು.

"ಬರೀತಾರೆ, ಆದ್ರೆ ಹೇಳಲ್ಲ ಅಜ್ಜಿ. ನಮ್ಮೂರವ್ರು ಅಳ್ಳಿ, ಅಸು ಅನ್ನಲ್ವಾ, ಅಂಗೆ."

"ಅಂಗಾದ್ರೆ ನಿಮ್ ಚಿಕ್ತಾತ ಪರೀಕ್ಷೆ ಇಲ್ದೆ ಪಾಸು ಕಣವ್ವ" ಎಂದೆ. ಇಬ್ಬರೂ ನಕ್ಕೆವು. ಅವಳೊಬ್ಬಳ ಎದುರಿಗೆ ನನಗೆ ನಾಚಿಕೆ ಇರಲಿಲ್ಲ. ತಪ್ಪು ಹೇಳಿದರೆ ಬೈಯುತ್ತಿದ್ದಳು, ಸರಿ ಹೇಳಿದರೆ ನನ್ನ ಗಲ್ಲ ಹಿಂಡುತ್ತಿದ್ದಳು. ಅಜ್ಜಿಗೆ ಅವರು ಅಬ್ವೇಲಾ ಅನ್ನುತ್ತಾರೆ. ಒಂದರಿಂದ ಇಪ್ಪತ್ತರವರೆಗೆ ಎಣಿಸಲು ಕಲಿತೆ. ಹದಿನೈದು ಮಾತ್ರ ಪ್ರತಿ ಸಲವೂ ಮರೆಯುತ್ತಿತ್ತು.

ಮಳೆಗಾಲದ ಹೊತ್ತಿಗೆ ಇಷ್ಟಗಳ ಪಾಠ ಬಂತು. ಕೆ ತೆ ಗುಸ್ತಾ ಎಂದರೆ ನಿನಗೆ ಏನು ಇಷ್ಟ. ಮೆ ಗುಸ್ತಾ ಎಂದರೆ ನನಗೆ ಇಷ್ಟ.

"ಕೆ ತೆ ಗುಸ್ತಾ, ಅಬ್ವೇಲಾ?"

"ಎಲ್ಲಾನೂ ಇಷ್ಟ."

"ಎಲ್ಲಾ ಅಂದ್ರೆ ನಡಿಯಲ್ಲ. ಒಂದು ಹೇಳು."

ತುಂಬ ಹೊತ್ತು ಯೋಚಿಸಿ ಕಾಫಿ ಎಂದೆ. ತಾತನಿಗೆ ಏನಿಷ್ಟವಿತ್ತು ಎಂದು ಕೇಳಿದಳು. ಅದನ್ನು ತಡೆಯಿಲ್ಲದೆ ಹೇಳಿದೆ. ನಾಟಿಕೋಳಿ ಸಾರು, ಬೋಟಿ, ಹಸಿ ಅವರೆಕಾಳಿನ ಉಪ್ಪಿಟ್ಟು, ಬೆಲ್ಲದ ಕಾಫಿ. ಅವಳ ಪುಸ್ತಕದಲ್ಲಿ ಅರ್ಧ ಪುಟ ತಾತನೇ ತುಂಬಿಕೊಂಡರು. ಅವಳು ಬರೆಯುತ್ತಿದ್ದಾಗ ನನಗೆ ಒಳಗೊಳಗೇ ಇನ್ನೊಬ್ಬಳ ನೆನಪಾಯಿತು. ಆಮೇಲೆ ಸೊಪ್ಪಿನ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಆ ವರ್ಷ ನವೆಂಬರಿನಲ್ಲಿ ಶಾಲೆಯವರು ಮನೆಯವರನ್ನು ಕರೆದರು. ಮೆಕ್ಸಿಕೋ ಎಂಬ ದೇಶದಲ್ಲಿ ಆ ಭಾಷೆ ಆಡುತ್ತಾರಂತೆ, ಅಲ್ಲಿನ ಒಂದು ಹಬ್ಬವನ್ನು ಮಕ್ಕಳು ಮಾಡಿ ತೋರಿಸುವುದು. ನಾನು ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂತೆ. ಮೇಜುಗಳನ್ನು ಮೆಟ್ಟಿಲಿನಂತೆ ಜೋಡಿಸಿ ಚೆಂಡುಹೂವಿನ ಸರ ಬಿಟ್ಟಿದ್ದರು. ಫೋಟೋಗಳು, ಮೇಣದ ಬತ್ತಿ, ನೀರು, ಉಪ್ಪು, ರೊಟ್ಟಿ. ನಮ್ಮ ಯಜಮಾನರ ಫೋಟೋ ಕೂಡ ಮಧ್ಯದಲ್ಲಿತ್ತು, ಮುಂದೆ ಒಂದು ಲೋಟ ಕಾಫಿ. ನೋಡಿ ನನಗೆ ಆಶ್ಚರ್ಯವಾಯಿತು. ಅಷ್ಟು ದೂರದ ಜನ ಕೂಡ ಎಡೆ ಇಡುತ್ತಾರೆ!

ನಮ್ಮ ಹುಡುಗಿ ಮೊದಲು ಆ ಭಾಷೆಯಲ್ಲಿ, ಆಮೇಲೆ ಕನ್ನಡದಲ್ಲಿ ವಿವರಿಸಿದಳು. "ಈ ಹಬ್ಬ ಎರಡು ದಿನ. ಎರಡನೇ ದಿನ ದೊಡ್ಡವರಿಗೆ. ಮೊದಲನೇ ದಿನ ಸತ್ತುಹೋದ ಮಕ್ಕಳಿಗೆ. ಮಕ್ಕಳಿಗೆ ಇಷ್ಟವಾದ ಸಿಹಿ, ಹಾಲು, ಆಟದ ಸಾಮಾನು ಇಡುತ್ತಾರೆ. ಮಕ್ಕಳು ಮುಂಚೆ ಬಂದುಬಿಡುತ್ತಾರಂತೆ."

ನಾನು ಎದ್ದು ಹೊರಗೆ ಬಂದೆ. ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ಅವಳು ಓಡಿ ಬಂದಳು.

"ಯಾಕಜ್ಜಿ? ನಾನು ತಪ್ಪು ಹೇಳಿದ್ನಾ?"

"ಇಲ್ಲ ಕಣವ್ವ. ಊದುಕಡ್ಡಿ ಹೊಗೆ."

"ಒಂದ್ ಕಡ್ಡೀನೂ ಹಚ್ಚಿಲ್ಲ ಅಜ್ಜಿ ಅಲ್ಲಿ."

ಅಲ್ಲೇ ನಲ್ಲಿಕಟ್ಟೆಯ ಮೇಲೆ ಕೂತು ಅವಳಿಗೆ ಹೇಳಿದೆ. ಅವಳು ನನ್ನ ಸೆರಗಿನ ಅಂಚು ಹಿಡಿದುಕೊಂಡು ಕೇಳಿಸಿಕೊಂಡಳು. ಅಪ್ಪ ಯಾವತ್ತೂ ಹೇಳಲೇ ಇಲ್ಲವಲ್ಲ ಎಂದಳು. ನಿಮ್ಮಪ್ಪನಿಗೆ ಆಗ ನಾಲ್ಕು ವರ್ಷ, ಅಕ್ಕ ಊರಿಗೆ ಹೋಗಿದ್ದಾಳೆ ಎಂದು ನಂಬಿಸಿದ್ದೆವು, ಆಮೇಲೆ ಅವನು ಕೇಳುವುದನ್ನು ಬಿಟ್ಟ.

"ಅತ್ತೆಗೆ ಏನಿಷ್ಟ ಇತ್ತಜ್ಜಿ?"

ಅವಳ ಎರಡು ಜಡೆ ನೆನಪಿದೆ. ಮಳವಳ್ಳಿಯ ನನ್ನ ತವರಿನಲ್ಲಿ ಕೊಡಿಸಿದ್ದ ನೀಲಿ ಲಂಗ ನೆನಪಿದೆ. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನೀರಿಗೆ ಬರುತ್ತಿದ್ದ ನಡಿಗೆ ನೆನಪಿದೆ. ತಿನ್ನುವುದರಲ್ಲಿ ಅವಳಿಗೆ ಏನಿಷ್ಟ ಎಂಬುದು ಎಷ್ಟು ತಡಕಿದರೂ ಸಿಗಲಿಲ್ಲ. ಗಂಡಸರು ಉಂಡ ಮೇಲೆ ನನ್ನ ಜೊತೆ ಉಣ್ಣುತ್ತಿದ್ದಳು. ಕೊಟ್ಟದ್ದನ್ನು ಉಂಡು ಎದ್ದು ಹೋಗುತ್ತಿದ್ದಳು.

ಆಮೇಲಿನ ಹತ್ತು ತಿಂಗಳು ಆ ಪ್ರಶ್ನೆ ನನ್ನ ಜೊತೆಯಲ್ಲೇ ಇತ್ತು. ತವರಿಗೆ ಹೋದಾಗ ನನ್ನ ಅಕ್ಕನನ್ನು ಕೇಳಿದೆ. "ಅಯ್ಯೋ, ಅದೇನು ಬೇಕು ಅಂತ ಬಾಯಿ ಬುಟ್ಟಿದ್ರೆ ತಾನೆ ಗೊತ್ತಾಗದು" ಎಂದಳು.

ಈ ಸಲದ ಅಮಾವಾಸ್ಯೆಗೆ ಹಿಂದಿನ ದಿನವೇ ಊರಿಗೆ ಹೋದೆ. ದೊಡ್ಡವಳು ರಜ ಹಾಕಿ ನನ್ನ ಜೊತೆ ಬಂದಳು. ಬೆಳಿಗ್ಗೆ ಮೈದುನ ಎಲೆ ತೊಳೆಯುತ್ತಿದ್ದಾಗ ಹೋಗಿ ನಿಂತೆ.

"ಇನ್ನೊಂದು ಎಲೆ ಹಾಕಪ್ಪ" ಎಂದೆ.

"ಯಾರ್ಗೆ ಅತ್ಗೆ?"

"ನನ್ ಮಗೀಗೆ."

ಅವನು ತಲೆ ಎತ್ತಿದ. ಯಾವ ಮಗು ಎಂದು ಕೇಳಲಿಲ್ಲ, ಅದಕ್ಕೆ ಅವನ ಮೇಲೆ ನನಗೆ ಮರ್ಯಾದೆ. "ಅಲ್ಲಾ ಅತ್ಗೆ, ಮದ್ವೆ ಆಗ್ದೆ ಓದೋರ್ಗೆ ಯಾರಾರ ಎಡೆ ಇಕ್ತಾರಾ? ಊರೋರು ಏನಂದಾರು?"

"ಮೆಕ್ಸಿಕೋದಲ್ಲಿ ಇಡ್ತಾರೆ ಚಿಕ್ತಾತ" ಎಂದಳು ಹುಡುಗಿ.

"ಅದೆಲ್ಲದೆ? ಮಳವಳ್ಳಿಯಿಂದಾಚೆಗಾ?"

"ಸಮುದ್ರದಾಚೆಗೆ."

"ಮತ್ತೆ ಅಲ್ಲಿಗೇ ಓಗಿ ಇಕ್ಕುಸ್ಕೊಂಡ್ ಬಾ, ಓಗು."

ನಾನು ಹಿಂದೆ ಸರಿದೆ. ಅಷ್ಟಕ್ಕೇ ಬಿಟ್ಟುಬಿಡುತ್ತಿದ್ದೆನೋ ಏನೋ. ಒಲೆಯ ಮುಂದಿದ್ದ ನನ್ನ ಓರಗಿತ್ತಿ, ಅವನ ಹೆಂಡತಿ, ಊದುಗೊಳವೆ ಹಿಡಿದುಕೊಂಡೇ ಬಂದಳು. "ಇಕ್ಕುದ್ರೆ ನಿನ್ ಗಂಟೇನು ಓದದು? ನಿನ್ನ ಎಗಲ್ ಮ್ಯಾಲೆ ಬೆಳ್ದಿದ್ದ ಮಗು ಅಲ್ವಾ ಅದು? ಈವತ್ತು ಊರೋರ ಮಾತು ಏಳಕ್ಕೆ ಬಂದವ್ನೆ!"

ಅವನು ಬಹಳ ಹೊತ್ತು ಎಲೆ ಒರೆಸುತ್ತಾ ಕೂತ. "ಸಾಲ್ನಲ್ಲಿ ಬ್ಯಾಡ. ಪಕ್ಕುಕ್ಕೆ, ಗೋಡೆ ತಾವ ಆಕ್ತೀನಿ" ಎಂದ. ಆಮೇಲೆ, ನನ್ನ ಮುಖ ನೋಡದೆ, "ಏನಿಕ್ಕದು ಅದುಕ್ಕೆ?" ಎಂದ.

ಓರಗಿತ್ತಿ ಥಟ್ಟನೆ ಹೇಳಿದಳು: "ಸೀಕು! ಸೀಕು ಅಂದ್ರೆ ಪ್ರಾಣ ಬುಡ್ತಿತ್ತು. ಮರ್ತ್ಯಾ ಅಕ್ಕ? ದಿನಾ ಸಂದ್ಯಾಗೆ ತಪ್ಪಲೆ ತಬ್ಕೊಂಡು ಕೆರ್ಕೊಂಡು ತಿಂತಾ ಕೂತಿರದು."

ಮುದ್ದೆ ಮಾಡಿದ ತಪ್ಪಲೆಯ ತಳಕ್ಕೆ ಅಂಟಿ ಸೀದ ಹಿಟ್ಟಿಗೆ ಸೀಕು ಅನ್ನುತ್ತಾರೆ. ಕೇಳಿದ ತಕ್ಷಣ ಎಲ್ಲ ಕಣ್ಣ ಮುಂದೆ ಬಂತು. ಮನೆಗೆ ರಾಗಿ ಸಾಲದೆ ಬಂದ ವರ್ಷ ಅದು. ಗಂಡಸರಿಗೆ, ನನ್ನ ಅತ್ತೆಗೆ, ಚಿಕ್ಕವನಿಗೆ ಇಟ್ಟ ಮೇಲೆ ಒಂದು ಮುದ್ದೆ ಉಳಿಯುತ್ತಿತ್ತು, ಕೆಲವು ದಿನ ಅದೂ ಚಿಕ್ಕದು. "ನೀನು ಉಣ್ಣವ್ವ, ನಂಗೆ ಸೀಕೇ ಇಷ್ಟ" ಎನ್ನುತ್ತಿದ್ದಳು. ನಾನು ನಂಬಿ ಉಣ್ಣುತ್ತಿದ್ದೆ. ಅಥವಾ ನಂಬಿದೆ ಎಂದುಕೊಂಡು ಉಣ್ಣುತ್ತಿದ್ದೆ. ಅಷ್ಟೊಂದು ಹಸಿವಾಗುತ್ತಿತ್ತು ನನಗೆ ಆಗ.

ಅದನ್ನು ಯಾರಿಗೂ ಹೇಳಲಿಲ್ಲ. ಹಿತ್ತಲ ಒಲೆಯ ಹತ್ತಿರ ಹೋಗಿ ನಾನೇ ಹಿಟ್ಟು ತಿರುವಿದೆ. ಮೊದಲನೇ ಮುದ್ದೆ, ದೊಡ್ಡದಾಗಿ, ಬಿಸಿಯಾಗಿ ಕಟ್ಟಿ, ಗೋಡೆ ಪಕ್ಕದ ಎಲೆಗೆ ತಂದು ಇಟ್ಟೆ. ತುಪ್ಪ ಹಾಕಿದೆ, ಒಳ್ಳೆಯ ತುಂಡು ಆರಿಸಿ ಸಾರು ಬಡಿಸಿದೆ. ಓರಗಿತ್ತಿ ಸೀಕು ಎಲ್ಲಿ ಎಂದು ಕೇಳಿದಳು. ಬೇಡ ಎಂದೆ. ಪಾತ್ರೆಯ ತಳ ಕೆರೆದದ್ದನ್ನು ನನ್ನ ಮಗಳಿಗೆ ಇನ್ನೊಂದು ಸಲ ಇಡಲಾರೆ ಅನ್ನಿಸಿತು.

ಮೈದುನ ಬಾಗಿಲು ಹಾಕಿದ. ಎಲ್ಲರೂ ಜಗಲಿಯಲ್ಲಿ ಕೂತೆವು. ನಿಮ್ಮಪ್ಪ ಅಷ್ಟು ಹೊತ್ತಿಗೆ ಮಂಡ್ಯದಿಂದ ಬಂದಿದ್ದ. ವಿಷಯ ತಿಳಿದು ಬೀದಿಯ ಕಡೆ ಮುಖ ಮಾಡಿ ನಿಂತಿದ್ದ. ಹುಡುಗಿ ನನ್ನ ಪಕ್ಕಕ್ಕೆ ಸರಿದು ಕಿವಿಯಲ್ಲಿ, "ಅತ್ತೆಗೆ ನಿಜ್ವಾಗ್ಲೂ ಇಷ್ಟಾನೇ ಇತ್ತೇನೋ ಅಜ್ಜಿ. ನಂಗೂ ತಳದ್ದೇ ಇಷ್ಟ ಅಲ್ವಾ" ಎಂದಳು.

ಹೌದು, ಅವಳೂ ತಪ್ಪಲೆ ಕೆರೆಯುತ್ತಾಳೆ, ಹೊಟ್ಟೆ ತುಂಬಿದ್ದರೂ ಕೆರೆಯುತ್ತಾಳೆ. ನನ್ನ ತಪ್ಪಿನ ಭಾರಕ್ಕೆ ಮಗಳ ಒಂದೇ ಇಷ್ಟವನ್ನೂ ನಾನು ಕಿತ್ತುಕೊಂಡೆನೇ? ಬಾಗಿಲು ಇನ್ನೂ ಹಾಕಿತ್ತು. ಹೊತ್ತು ಮೀರಿಲ್ಲ ಅನ್ನಿಸಿ, ಮೊಣಕಾಲಿನ ನೋವನ್ನೂ ಮರೆತು ಹಿಂದಿನಿಂದ ಹಿತ್ತಲಿಗೆ ನಡೆದೆ.

ತಪ್ಪಲೆ ಒಲೆಯ ಪಕ್ಕದಲ್ಲೇ ಇತ್ತು. ತೊಳೆಯಲು ಸುಲಭವಾಗಲಿ ಎಂದು ಓರಗಿತ್ತಿ ಅದಕ್ಕೆ ಅಂಚಿನವರೆಗೂ ನೀರು ತುಂಬಿಸಿಟ್ಟಿದ್ದಳು. ಸೀಕು ತಳ ಬಿಟ್ಟು ಮೇಲೆ ತೇಲುತ್ತಾ ಕರಗುತ್ತಿತ್ತು. ಕೈ ಹಾಕಿ ಹಿಡಿಯಲು ನೋಡಿದೆ. ಬೆರಳಿಗೆ ಬರೀ ಕಂದು ನೀರು ಬಂತು.