ಎದೆಗೆ ಬೇಡ ಅಂದರೆ ತೋಳಿಗೆ ಹಾಕಿ

ಹೊನ್ನಾವರದ ಹತ್ತಿರದ ಮಂಕಿಯ ಕಡಲ ಕಡೆಯ ಓಣಿಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜಗದೀಶ ಖಾರ್ವಿ ಅಂಗಿಯ ಗುಂಡಿ ಬಿಚ್ಚಿ ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾರೆ. ಪಕ್ಕದ ಸ್ಟೂಲಿನ ಮೇಲೆ ಶುದ್ಧ ಮಾಡಿದ ಹಸಿರು ಬಟ್ಟೆ, ಅದರ ಮೇಲೆ ಸಿರಿಂಜು, ಹತ್ತಿ, ಒಂದು ಬಾಗಿದ ಸೂಜಿ. ನರ್ಸ್ ಸೌಜನ್ಯಾ ಮೊಗೇರ ಗ್ಲೌಸ್ ಏರಿಸಿಕೊಂಡು, ಜಗದೀಶರ ಬಲ ಹೆಗಲ ಎಲುಬಿನ ಕೆಳಗೆ ಚರ್ಮದಡಿ ಉಬ್ಬಿ ನಿಂತ ಸಣ್ಣ ಗಂಟನ್ನು ಮೂರು ಬೆರಳಲ್ಲಿ ಅಲುಗಾಡದಂತೆ ಹಿಡಿಯುತ್ತಾರೆ.

"ಉಸ್ರು ಎಳ್ಕಣಿ."

ಜಗದೀಶ ಉಸಿರೆಳೆಯುತ್ತಾರೆ. ಸೂಜಿ ನೇರವಾಗಿ ಇಳಿದು ಒಳಗಿನ ಲೋಹಕ್ಕೆ ತಾಗಿ ನಿಲ್ಲುತ್ತದೆ. ಸೌಜನ್ಯಾ ಸಿರಿಂಜಿನ ಹಿಡಿಯನ್ನು ಹಿಂದಕ್ಕೆಳೆದು ರಕ್ತ ಬರುತ್ತದೋ ನೋಡುತ್ತಾರೆ. ಬರುತ್ತದೆ. ಅಂದರೆ ದಾರಿ ತೆರೆದಿದೆ. ಆಮೇಲೆ ಸಲೈನ್ ನೀರನ್ನು ಒಂದೇ ಸಮ ನೂಕದೆ, ತಡೆತಡೆದು ನೂಕುತ್ತಾರೆ.

"ದೋಣಿ ಹೋಯ್ತು ಕಾಣ್ತದೆ," ಅನ್ನುತ್ತಾರೆ ಸೂಜಿ ತೆಗೆಯುತ್ತ.

"ಹೋಗ್ಲಿ ಮಾರಾಯ್ತಿ. ಇವತ್ತು ನಂದು ದಡದಲ್ಲೇ ಬಲೆ ಕೆಲ್ಸ. ಚಾ ಕುಡ್ಕಂಡೇ ಹೋಗು."

ಚಹಾಕ್ಕೆ ಸಮಯವಿಲ್ಲ. ಕುಮಟಾದಲ್ಲಿ ಇನ್ನೊಬ್ಬರು ಕಾಯುತ್ತಿದ್ದಾರೆ. ಔಷಧಿ ಪೆಟ್ಟಿಗೆಯನ್ನು ಸ್ಕೂಟರಿನ ಕಾಲಡಿ ಇಟ್ಟುಕೊಂಡು ಸೌಜನ್ಯಾ ಹೆದ್ದಾರಿಗೆ ಇಳಿಯುತ್ತಾರೆ.

ಜಗದೀಶರ ಚರ್ಮದಡಿ ಇರುವುದಕ್ಕೆ ಪೋರ್ಟ್ ಎಂದು ಹೆಸರು. ಗುಂಡಗಿನ ಸಣ್ಣ ಡಬ್ಬಿ, ಮೇಲೆ ಸಿಲಿಕಾನಿನ ಮುಚ್ಚಳ. ಡಬ್ಬಿಯಿಂದ ಹೊರಟ ಕ್ಯಾತಿಟರ್ ಎಂಬ ಮೆದು ಕೊಳವೆ ದೊಡ್ಡ ರಕ್ತನಾಳದೊಳಗೆ ಹೃದಯದ ಹತ್ತಿರದವರೆಗೆ ಹೋಗುತ್ತದೆ. ಕ್ಯಾನ್ಸರಿನ ಮದ್ದು ಕೈಯ ಸಣ್ಣ ನಾಳಗಳನ್ನು ಸುಡುತ್ತದೆ. ಹಾಗಾಗಿ ಪದೇಪದೇ ಮದ್ದು ಬೇಕಾದವರಿಗೆ ಈ ದಾರಿ ಮಾಡಿಕೊಡುತ್ತಾರೆ. ಸೂಜಿಯ ತುದಿ ಬಾಗಿರುವುದರಿಂದ ಅದು ಮುಚ್ಚಳವನ್ನು ಕೊರೆಯದೆ ಸೀಳಿಕೊಂಡು ಒಳಗೆ ಹೋಗುತ್ತದೆ. ತೆಗೆದ ಮೇಲೆ ಸೀಳು ತಾನಾಗಿ ಕೂಡಿಕೊಳ್ಳುತ್ತದೆ. ಕೆಲವು ಕೊಳವೆಗಳ ತುದಿಯಲ್ಲಿ ಒಂದು ವಾಲ್ವ್ ಕೂಡ ಇರುತ್ತದೆ. ನೂಕಿದಾಗ ಹೊರಗೆ, ಎಳೆದಾಗ ಒಳಗೆ ತೆರೆಯುತ್ತದೆ; ಸುಮ್ಮನಿದ್ದಾಗ ಮುಚ್ಚಿಕೊಂಡು, ರಕ್ತ ಕೊಳವೆಯೊಳಗೆ ನುಗ್ಗದಂತೆ ಕಾಯುತ್ತದೆ. ಇಷ್ಟೆಲ್ಲ ಇದ್ದರೂ ಆಗಾಗ ತೊಳೆಯದಿದ್ದರೆ ಹೆಪ್ಪುಗಟ್ಟಿ ಮುಚ್ಚಿಹೋಗುತ್ತದೆ. ತೊಳೆಯುವುದಕ್ಕೆ ಹಿಡಿಯುವುದು ಒಂದು ಚಹಾ ಕುಡಿಯುವಷ್ಟು ಹೊತ್ತು. ಆದರೆ ಅದನ್ನು ಮಾಡಬಲ್ಲ ಕೈಗಳಿದ್ದದ್ದು ಮಂಗಳೂರು, ಮಣಿಪಾಲದ ಕಡೆಗೆ. ಭಟ್ಕಳ, ಹೊನ್ನಾವರ, ಕುಮಟಾದವರು ಅಷ್ಟಕ್ಕಾಗಿ ಇಡೀ ದಿನ ಬಸ್ಸಿನಲ್ಲಿ ಕಳೆಯಬೇಕಿತ್ತು.

ಸೌಜನ್ಯಾ ಹುಟ್ಟಿ ಬೆಳೆದದ್ದು ಶಿರಾಲಿಯಲ್ಲಿ. ತಾಯಿ ಮಾಸ್ತಮ್ಮ ಮೀನು ಬುಟ್ಟಿ ಹೊತ್ತು ಮನೆಮನೆ ತಿರುಗಿ ಮಗಳನ್ನು ನರ್ಸಿಂಗ್ ಓದಿಸಿದವರು. ಓದು ಮುಗಿಸಿ ಮಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ಕ್ಯಾನ್ಸರ್ ವಾರ್ಡಿನಲ್ಲಿ ಸೌಜನ್ಯಾ ವರ್ಷಗಟ್ಟಲೆ ದುಡಿದರು. ಅಲ್ಲಿಗೇ ಒಂದು ದಿನ ತಾಯಿಯ ಜೊತೆ ಮೀನು ಮಾರುತ್ತಿದ್ದ ಜಾಲಿ ಊರಿನ ಈರಮ್ಮ ರೋಗಿಯಾಗಿ ಬಂದು ಸೇರಿದರು.

"ಮದ್ದೆಲ್ಲ ಚಲೋ ಮುಗೀತು. ಪೋರ್ಟ್ ಇನ್ನೂ ಎರಡು ವರ್ಷ ಇರ್ಲಿ ಅಂದ್ರು ಡಾಕ್ಟ್ರು. ತೊಳ್ಸೂಕೆ ಬರ್ಬೇಕಲ್ಲ, ಎರಡು ಸಲ ಬಂದ್ರು, ಆಮೇಲೆ ಇಲ್ಲ," ಎನ್ನುತ್ತಾರೆ ಸೌಜನ್ಯಾ. "ಬರೂಕೆ ಮನ್ಸಿಲ್ದೆ ಅಲ್ಲ. ಒಂದಿನ ಮೀನು ಮಾರ್ದೇ ಇದ್ರೆ ಗಿರಾಕಿ ಬೇರೆಯವ್ರ ಹತ್ರ ಹೋಗ್ತ್ರು. ಕಾಯಿಲೆ ತಿರ್ಗಿ ಬಂದಾಗ ನೋಡಿದ್ರೆ ಪೋರ್ಟ್ ಕಟ್ಟಿ ಹೋಗ್ಯದೆ. ಕೈಲಿ ಒಂದು ನಾಳವೂ ಸಿಕ್ಕೂದಿಲ್ಲ. ನಾನೇ ಹುಡ್ಕಿದ್ದು, ಸಿಕ್ಲಿಲ್ಲ."

ಈರಮ್ಮ ಉಳಿಯಲಿಲ್ಲ. ಪೋರ್ಟ್ ತೆರೆದಿದ್ದರೆ ಉಳಿಯುತ್ತಿದ್ದರೇ ಎಂದರೆ ಸೌಜನ್ಯಾ ತಲೆಯಾಡಿಸುತ್ತಾರೆ. "ಅದು ಗೊತ್ತಿಲ್ಲ. ಆದ್ರೆ ಕಡೇ ತಿಂಗಳು ಅಷ್ಟು ಚುಚ್ಚಿಸ್ಕಂಬೂದು ತಪ್ತಿತ್ತು. ಅದ್ ಗೊತ್ತಿತ್ತು ನಂಗೆ."

ತಿಂಗಳಿಗೆ ಕೆಲವು ದಿನ ಹೊನ್ನಾವರದಲ್ಲಿ ಕೂತು ಪೋರ್ಟ್ ತೊಳೆಯಲು ಅನುಮತಿ ಕೊಡಿ ಎಂದು ಅವರು ಆಸ್ಪತ್ರೆಯನ್ನು ಕೇಳಿದರು. ಅದು ತಮ್ಮ ಕೆಲಸವಲ್ಲ ಎಂಬ ಉತ್ತರ ಬಂತು. "ಹಾಗಾರೆ ಯಾರ ಕೆಲ್ಸ ಅಂತ ಕೇಳ್ದೆ. ಯಾರೂ ಹೇಳ್ಲಿಲ್ಲ. ಸರಿ, ನಂದೇ ಅಂದ್ಕಂಡು ಬಿಟ್ಟು ಬಂದೆ."

ಮಗಳು ದೊಡ್ಡ ಆಸ್ಪತ್ರೆ ಬಿಟ್ಟು ಬಂದಳೆಂದು ಮಾಸ್ತಮ್ಮ ಒಂದು ವಾರ ಮಾತು ಬಿಟ್ಟರಂತೆ. ಹೊನ್ನಾವರದಲ್ಲಿ ಟ್ರಸ್ಟ್ ಒಂದರ ಸಣ್ಣ ಚಿಕಿತ್ಸಾಲಯ ನಡೆಸುವ ಡಾ. ಸುದರ್ಶನ ಕೆಲಸ ಕೊಟ್ಟರು. ರೋಗಿಯ ವೈದ್ಯರು ಬರೆದುಕೊಟ್ಟ ಸೂಚನೆಯಂತೆ ಮನೆಗೇ ಹೋಗಿ ಪೋರ್ಟ್ ತೊಳೆಯುವುದು, ಡಯಾಲಿಸಿಸ್‌ನವರ ಕುತ್ತಿಗೆಯ ಕ್ಯಾತಿಟರಿಗೆ ಹೊಸ ಬ್ಯಾಂಡೇಜು ಹಾಕುವುದು, ಕೀವು, ಜ್ವರ ಕಂಡರೆ ಕೂಡಲೇ ಸುದ್ದಿ ಮುಟ್ಟಿಸುವುದು. ಮೊದಲ ತಿಂಗಳು ಕರೆದವರು ಇಬ್ಬರೋ ಮೂವರೋ. ಈಗ ಮೂರು ತಾಲ್ಲೂಕಿನಲ್ಲಿ ಎಪ್ಪತ್ತು ಮನೆ ದಾಟಿದೆ. ಭಟ್ಕಳದ ಮುಸ್ಲಿಮರ ಮನೆಗಳಲ್ಲಿ ನವಾಯತಿ ಭಾಷೆ, ಖಾರ್ವಿ ಕೇರಿಯಲ್ಲಿ ಕೊಂಕಣಿ. ಎರಡೂ ಈಗ ಅವರಿಗೆ ಸಲೀಸು.

ಇವರ ಹೆಸರು ಊರವರ ಬಾಯಿಗೆ ಬಿದ್ದದ್ದು ಮಾತ್ರ ಒಂದು ಜಗಳದಿಂದ.

ಲಕ್ಕಿ ಗೌಡರದು ಕುಮಟಾದಿಂದ ಒಳಗೆ ಹಾಲಕ್ಕಿ ಒಕ್ಕಲಿಗರ ಒಂದು ಕೊಪ್ಪ, ಅಂದರೆ ಸಣ್ಣ ಕೇರಿ. ವಯಸ್ಸು ಅರವತ್ತರ ಆಸುಪಾಸು. ಬಸಳೆ, ಹರಿವೆ, ಬದನೆ ಬೆಳೆದು ಕುಮಟಾದ ಸಂತೆಗೆ ಹೊತ್ತು ತರುವವರು. ಆ ಕಡೆಯ ಹಿರಿಯ ಹೆಂಗಸರಂತೆ ಕುತ್ತಿಗೆಯಿಂದ ಎದೆ ತುಂಬ ಸಾಲುಸಾಲು ಮಣಿಸರ ತೊಡುತ್ತಾರೆ. ಕರುಳಿನ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಮಂಗಳೂರಿನ ಶಸ್ತ್ರವೈದ್ಯರು ಎದೆಗೆ ಪೋರ್ಟ್ ಹಾಕಬೇಕು ಎಂದರು. ಅಷ್ಟು ಮಣಿಯ ಭಾರ ಪೋರ್ಟಿನ ಮೇಲೆ ದಿನವಿಡೀ ಉಜ್ಜಿದರೆ ತೆಳುವಾದ ಚರ್ಮ ಒಡೆಯುತ್ತದೆ, ಸೋಂಕಾಗುತ್ತದೆ. ಚಿಕಿತ್ಸೆ ಮುಗಿಯುವವರೆಗೆ ಮಣಿ ತೆಗೆದಿಡಿ ಎಂದೂ ಹೇಳಿದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಲಕ್ಕಿ ಎದ್ದು ಮನೆಗೆ ಬಂದರು.

ಒಪ್ಪಿಸಲು ವೈದ್ಯರು ಸೌಜನ್ಯಾರನ್ನು ಕಳಿಸಿದರು. ಲಕ್ಕಿಯ ಮಗ ಶುಕ್ರ ಅಂಗಳದಲ್ಲೇ ಕೈಮುಗಿದ. "ಹ್ಯಾಂಗಾರೂ ಮಾಡಿ ಒಪ್ಸಿ ಅಕ್ಕಾ. ನಮ್ ಮಾತು ಕೇಳೂದಿಲ್ಲ."

ಲಕ್ಕಿ ಒಳಗೆ ಸೊಪ್ಪು ಕಟ್ಟುತ್ತಿದ್ದರು. ಸೌಜನ್ಯಾ ಹೇಳಬೇಕಾದ್ದನ್ನೆಲ್ಲ ಹೇಳಿದರು. ಕೊನೆಗೆ ಲಕ್ಕಿ ಅಂದರಂತೆ: "ಎಕ್ಸ್‌ರೇ ಫೋಟಕ್ಕೆ ಮಣಿ ತೆಗೀಬೇಕು ಅಂದ್ರು, ತೆಗ್ದೆ. ಮತ್ತೆ ಹಾಕ್ಕಂಡೆ. ಒಂದು ಗಳಿಗೆ ತೆಗೂದು ಬೇರೆ. ಆರು ತಿಂಗ್ಳು ಬರೀ ಎದೇಲಿ ತಿರ್ಗೂದು ಬೇರೆ. ನಾ ಬದ್ಕೂಕೇ ಮದ್ದು ತಗಂಬೂದಲ್ದಾ ಮಗಾ? ನಾನಾಗೇ ಬದ್ಕ್‌ಬೇಕು. ಮತ್ಯಾರೋ ಆಗಿ ಬದ್ಕಿ ಎಂತ ಮಾಡ್ಲಿ?"

"ನಾ ಎದ್ದೆ," ಎನ್ನುತ್ತಾರೆ ಸೌಜನ್ಯಾ. "ಹೊರಗೆ ಬಂದು ಗದ್ದೆ ಬದಿಗೆ ನಿಂತೇ ಸರ್ಜನ್‌ಗೆ ಫೋನ್ ಮಾಡ್ದೆ. ಎದೆಗೆ ಬೇಡ ಅಂದ್ರೆ ತೋಳಿಗೆ ಹಾಕಿ ಸರ್ ಅಂದೆ."

ತೋಳಿಗೆ ಹಾಕುವ ಸಣ್ಣ ಪೋರ್ಟ್ ಇದೆ. ವೈದ್ಯರಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ತೋಳಿನ ನಾಳ ಕಿರಿದು, ಕೊಳವೆಯ ಸುತ್ತ ಹೆಪ್ಪುಗಟ್ಟುವ ಭಯ ಹೆಚ್ಚು. ಅದನ್ನೇ ಹೇಳಿದರು. "ಹೆಪ್ಪುಗಟ್ಟಿದ್ರೆ ಅದಕ್ಕೆ ಮದ್ದದೆ ಸರ್. ಇವ್ರು ಮನೇಲೇ ಕೂತ್ರೆ ಎಂತ ಅದೆ?" ಎಂದರು ಸೌಜನ್ಯಾ. ಕೊನೆಗೆ ವೈದ್ಯರು, "ಅಪಾಯ ಪೂರ್ತಿ ಹೇಳು. ತಿಳಿದು ಒಪ್ಪಿದರೆ ಕರೆದುಕೊಂಡು ಬಾ," ಎಂದರು.

ಲಕ್ಕಿ ತಿಳಿದೇ ಒಪ್ಪಿದರು. ಎಡ ತೋಳಿನ ಒಳಬದಿಗೆ ಪೋರ್ಟ್ ಕೂತಿತು. ಶಸ್ತ್ರಕ್ರಿಯೆ ಮುಗಿಯುವವರೆಗೆ ಶುಕ್ರ ಬಾಗಿಲ ಹೊರಗೆ ಪಂಚೆಯಲ್ಲಿ ಸುತ್ತಿದ ಮಣಿಸರಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಆ ಸಂಜೆಯೇ ಅವು ಎದೆಗೆ ಮರಳಿದವು. ಮದ್ದು ಶುರುವಾಯಿತು.

ಮೂರನೆಯ ವಾರ ತೋಳು ಊದಿಕೊಂಡಿತು.

ವೈದ್ಯರು ಹೆದರಿದ್ದೇ ಆಗಿತ್ತು. ಶುಕ್ರನ ಫೋನ್ ಬಂದ ಕೂಡಲೇ ಸೌಜನ್ಯಾ ಓಡಿದರು. ಸ್ಕ್ಯಾನ್ ಆಯಿತು, ರಕ್ತ ತೆಳುವಾಗಿಸುವ ಇಂಜೆಕ್ಷನ್ ಶುರುವಾಯಿತು. ನಿಧಾನವಾಗಿ ಊತ ಇಳಿಯಿತು, ಪೋರ್ಟ್ ಉಳಿಯಿತು. ಆದರೆ ಮಾತು ಇಳಿಯಲಿಲ್ಲ. ಮಣಿಯ ಹಟಕ್ಕೆ ರೋಗಿಯ ಜೀವದ ಜೊತೆ ಆಟವಾಡಿದ ನರ್ಸ್ ಎಂದು ಯಾರೋ ಟ್ರಸ್ಟಿಗೆ ದೂರು ಕೊಟ್ಟರು. ಟ್ರಸ್ಟಿನವರು ಮನೆ ಭೇಟಿ ನಿಲ್ಲಿಸಿ, ಸಭೆ ಕರೆದರು. ತೀರ್ಮಾನ ತನ್ನದು ಮತ್ತು ರೋಗಿಯದು, ನರ್ಸಿನದಲ್ಲ ಎಂದು ಶಸ್ತ್ರವೈದ್ಯರು ಬರೆದು ತಿಳಿಸಿದರೂ ಕೇಳಲಿಲ್ಲ. ಒಂದು ಕ್ಷಮೆ ಕೇಳಿಬಿಡು, ಇಲ್ಲಿಗೇ ಮುಗಿಯಲಿ ಎಂದರು ಡಾ. ಸುದರ್ಶನ. ಅವರಿಗೂ ಚಿಕಿತ್ಸಾಲಯ ನಡೆಯಬೇಕಿತ್ತು.

"ಎಂತಕ್ಕೆ ಕ್ಷಮೆ?" ಎಂದು ಕೇಳಿದರಂತೆ ಸೌಜನ್ಯಾ. "ಅಪಾಯ ಮುಚ್ಚಿಟ್ನಾ? ಊದಿದ ದಿನ ಹೋಗ್ದೇ ಕೂತ್ನಾ? ಕೆಲ್ಸ ತೆಗೀರಿ ಬೇಕಾರೆ. ತಪ್ಪು ಮಾಡ್ದೆ ಅಂತ ಮಾತ್ರ ನಾ ಹೇಳೂದಿಲ್ಲ."

ಸಭೆಯ ದಿನ ಬೆಳಿಗ್ಗೆ ಚಿಕಿತ್ಸಾಲಯದ ಮೆಟ್ಟಿಲ ಮೇಲೆ ಜಗದೀಶ ಖಾರ್ವಿ ಬಂದು ಕೂತರು. ಅವರ ಹಿಂದೆ ಭಟ್ಕಳದಿಂದ, ಶಿರಾಲಿಯಿಂದ ಇನ್ನಷ್ಟು ಜನ. ನಮ್ಮ ಪೋರ್ಟ್ ಇನ್ನು ಯಾರು ತೊಳೆಯುತ್ತಾರೆ, ಅದನ್ನು ಹೇಳಿ ಎಂಬುದಷ್ಟೇ ಅವರ ಪ್ರಶ್ನೆ. ಸಭೆ ಶುರುವಾದ ಮೇಲೆ ಲಕ್ಕಿ ಬಂದರು, ಎದೆ ತುಂಬ ಮಣಿ ತೊಟ್ಟು, ಮಗನ ಕೈಹಿಡಿದು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ನಂಗೆ ಕೇಳೇ ಹಾಕಿದ್ದು," ಎಂದರು. "ಮಣಿ ನಂದು, ಕೈ ನಂದು, ಊದಿದ್ದೂ ನಂದೇ ಕೈ. ನಾ ಬೈಲಿಲ್ಲ ಇವ್ಳಿಗೆ. ನೀವು ಬೈಯೂದು ಎಂತಕ್ಕೆ?"

ದೂರನ್ನು ಯಾರೂ ಹಿಂತೆಗೆದುಕೊಳ್ಳಲಿಲ್ಲ, ಕ್ಷಮೆಯನ್ನು ಯಾರೂ ಮತ್ತೆ ಕೇಳಲೂ ಇಲ್ಲ. ಮರುದಿನ ಸೌಜನ್ಯಾ ಎಂದಿನಂತೆ ಸ್ಕೂಟರ್ ಹತ್ತಿದರು. ಲಕ್ಕಿಯ ಮದ್ದು ಮಳೆಗಾಲಕ್ಕೆ ಮೊದಲೇ ಮುಗಿಯಿತು. ಈಗ ಮತ್ತೆ ಸಂತೆಗೆ ಹೋಗುತ್ತಾರೆ. ಹೊರೆ ಮಾತ್ರ ಸೊಸೆ ಪವಿತ್ರಾಳ ತಲೆಯ ಮೇಲೆ.

ಈ ಕತೆ ಹೇಗೋ ಪೋರ್ಟ್ ತಯಾರಿಸುವ ಕಂಪನಿಯೊಂದರ ಕಿವಿಗೂ ಬಿದ್ದು, ಅಲ್ಲಿ ವಿನ್ಯಾಸ ಮಾಡುವ ಅಂಕಿತಾ ಎಂಬ ಎಂಜಿನಿಯರ್ ಕಳೆದ ಚಳಿಗಾಲದಲ್ಲಿ ಬಂದು, ಸ್ಕೂಟರಿನ ಹಿಂದೆ ಕೂತು ನಾಲ್ಕಾರು ದಿನ ತಿರುಗಿದರು. ಇಬ್ಬರಿಗೂ ದಿನವಿಡೀ ವಾದ. ಡಬ್ಬಿ ಇನ್ನೂ ತಗ್ಗಾಗಲಿ, ಬಡಕಲು ಮೈಯವರಿಗೆ ಚುಚ್ಚದಿರಲಿ ಎಂದು ಸೌಜನ್ಯಾ. ತಗ್ಗಾದರೆ ಮುಚ್ಚಳ ತೆಳುವಾಗುತ್ತದೆ, ಸೂಜಿ ಗಟ್ಟಿಯಾಗಿ ನಿಲ್ಲದೆ ಮದ್ದು ಸೋರುತ್ತದೆ ಎಂದು ಅಂಕಿತಾ. ಬಲೆ ಎಳೆಯುವವರ ಹೆಗಲು, ಹೊರೆ ಹೊರುವವರ ಹೆಗಲು, ಕಡಲ ಉಪ್ಪುನೀರು, ಬೆವರಿಗೆ ಬಿಟ್ಟುಬರುವ ಬ್ಯಾಂಡೇಜು, ಎಲ್ಲವನ್ನೂ ಅಂಕಿತಾ ಕಂಡು ಹೋದರು.

"ಸೌಜನ್ಯಾ ಕೇಳಿದ್ದರಲ್ಲಿ ಅರ್ಧ ಈಗ ಸಾಧ್ಯವಿಲ್ಲ. ಅದನ್ನು ಅವರಿಗೇ ಹೇಳಿದ್ದೇನೆ," ಎಂದು ಅಂಕಿತಾ ಫೋನಿನಲ್ಲಿ ನಗುತ್ತಾರೆ. "ಅವರು ಒಪ್ಪಿಲ್ಲ. ವಾರಕ್ಕೊಮ್ಮೆ ಫೋನ್ ಮಾಡಿ ಎಲ್ಲಿಗೆ ಬಂತು ಅಂತ ಕೇಳುತ್ತಾರೆ."

"ಕೇಳ್ದೇ ಇದ್ರೆ ಮರ್ತು ಹೋಗ್ತ್ರು," ಎನ್ನುತ್ತಾರೆ ಸೌಜನ್ಯಾ. "ಆಗೂದಿಲ್ಲ ಅಂದ್ರೆ ಮತ್ತೆ ಕೂತು ಮಾಡ್ಲಿ. ನಮ್ಮ ಮೈ ಬದ್ಲ್ಸೂಕೆ ಆಗ್ತದ್ಯಾ? ಡಬ್ಬಿ ಬದ್ಲ್ಸ್‌ಬಹುದು."

ನಿಮಗೆ ಏನು ಬೇಕು ಎಂದು ಕೇಳಿದೆ. ಸನ್ಮಾನ, ಪ್ರಶಸ್ತಿಯ ಮಾತು ಬರಬಹುದೇನೋ ಎಂದುಕೊಂಡಿದ್ದೆ. ಅವರು ಯೋಚಿಸಲೂ ಇಲ್ಲ.

"ನಂಗೆ ಜ್ವರ ಬಂದ ದಿನ ನನ್ನ ಬದ್ಲಿಗೆ ಇನ್ನೊಬ್ಳು ಹೋಗ್ಬೇಕು. ಹೋದ ವರ್ಷ ಜ್ವರದಲ್ಲಿ ಮಲ್ಗಿದ್ದೆ, ಭಟ್ಕಳದ ಇಬ್ರು ಮತ್ತೆ ಮಂಗ್ಳೂರ್ ಬಸ್ ಹತ್ತಿದ್ರು. ನಾ ಒಬ್ಳೇ ಮಾಡೂದಾದ್ರೆ ಇದು ವ್ಯವಸ್ಥೆ ಅಲ್ಲ, ನನ್ನ ಹಟ ಅಷ್ಟೇ."

ಹಾಗಾಗಿ ಈಗ ಕಲಿಸುತ್ತಿದ್ದಾರೆ. ಸರ್ಕಾರಿ ಆಸ್ಪತ್ರೆಯ ಇಬ್ಬರು ನರ್ಸುಗಳು ತಮ್ಮ ರಜೆಯ ದಿನ ಬಂದು ಕಲಿಯುತ್ತಾರೆ. ಇದಕ್ಕೆ ಮೇಲಿನಿಂದ ಆದೇಶ ಬೇಕಲ್ಲವೇ ಎಂದರೆ, "ಬರ್ಲಿ. ಬರೂ ತನಕ ಕಲ್ತಿರ್ತ್ರು," ಎಂಬ ಉತ್ತರ.

ನಾನು ಹೋದ ದಿನ ಲಕ್ಕಿಯ ಮನೆಯಲ್ಲಿ ಕಲಿಯುವವರಲ್ಲಿ ಒಬ್ಬರಾದ ಜಯಶ್ರೀಯ ಸರದಿ. ಮಾದರಿ ಗೊಂಬೆಯ ಮೇಲೆ ಪಳಗಿಯಾಗಿದೆ, ಸೌಜನ್ಯಾರ ಎದುರು ಸಾಕಷ್ಟು ಸಲ ಮಾಡಿಯೂ ಆಗಿದೆ. ಒಬ್ಬರೇ ಮಾಡುವುದು ಇವತ್ತೇ ಮೊದಲು. ಲಕ್ಕಿ ಹೊಸಬಳನ್ನು ಮೇಲಿಂದ ಕೆಳಗೆ ನೋಡಿ, ಮಣೆಯ ಮೇಲೆ ಕೂತು ತೋಳು ಚಾಚುತ್ತಾರೆ. "ಮಾಡು. ಹೆದ್ರೂದು ನಾನಾ ನೀನಾ?"

ಸೌಜನ್ಯಾ ಒಳಗೆ ನಿಲ್ಲುವುದಿಲ್ಲ. ಅಂಗಳಕ್ಕೆ ಬಂದು, ಬಾಗಿಲಿಗೆ ಬೆನ್ನು ಹಾಕಿ, ಎರಡೂ ಕೈಯನ್ನು ಹಿಂದೆ ಕಟ್ಟಿಕೊಳ್ಳುತ್ತಾರೆ. ಅವರ ಬೆರಳುಗಳು ಒಂದನ್ನೊಂದು ಹಿಸುಕುತ್ತಿವೆ. ಒಳಗಿನಿಂದ ಜಯಶ್ರೀಯ ದನಿ ಕೇಳುತ್ತದೆ, ಉಸಿರೆಳೆಯಿರಿ ಎಂದು.

"ಅಕ್ಕಾ, ರಕ್ತ ಬಂತು. ಚಲೋ ಹರೀತದೆ," ಎನ್ನುತ್ತಾರೆ ಜಯಶ್ರೀ ಒಳಗಿನಿಂದ. "ಬಂದು ನೋಡ್ತ್ರಾ?"

"ನೋಡೂದೆಂತ?" ಎನ್ನುತ್ತಾರೆ ಸೌಜನ್ಯಾ, ತಿರುಗದೆಯೇ. "ನೀ ಮಾಡಿದ್ದಲ್ದಾ, ನೀನೇ ಮುಗ್ಸು."