ನೋಡಲು ಬಂದವರೆಲ್ಲ ಏರಿಸಿದ ರೇಸ್

ಕಳೆದ ಭಾನುವಾರ ಬೆಳಿಗ್ಗೆ ನಮ್ಮನೆಯ ಗಾಡಿ ನಮ್ಮನೆಯವರನ್ನು ಹೊತ್ತುಕೊಂಡೇ ಹೋಗಿ ಅಂಗಳದ ನೀರಿನ ಡ್ರಮ್ಮಿಗೆ ಗುದ್ದಿತು.

ಗುದ್ದಿದ್ದು ಗಾಡಿ, ತಾವಲ್ಲ ಅಂತ ಅವರು ಹೇಳಿದ್ದೇ ಹೇಳಿದ್ದು. ಅದು ನಿಜವೂ ಹೌದು. ಗೇರ್ ಹಾಕಿ ಕ್ಲಚ್ ಅರ್ಧ ಬಿಡುವಷ್ಟರಲ್ಲೇ ಹಗ್ಗ ಹರಿದ ಹೋರಿಯ ಹಾಗೆ ಜಿಗಿಯಿತು. ಡ್ರಮ್ಮು ಉರುಳಿತು. ಅವರಿಗೆ ಒಂದು ತರಚು ಗಾಯವೂ ಆಗಲಿಲ್ಲ. ನನ್ನ ಜೀವ ಮಾತ್ರ ಬಾಯಿಗೆ ಬಂದಿತ್ತು.

ಈ ಅಂಕಣ ಓದುವವರಿಗೆ ನಮ್ಮ ಗಾಡಿ ಹೊಸದಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ ಸಿಂಧನೂರಿನಲ್ಲಿ ಮುದಿಯಾದ ಮೋಟರ್‌ಸೈಕಲ್ಲು. ಕಾಲುವೆ ಕೆಲಸಕ್ಕೆ ಬಂದಿದ್ದ ಒಬ್ಬ ಓವರ್‌ಸಿಯರ್ ಕಡೆಯಿಂದ ನಮ್ಮ ಮಾವನವರು ಕೊಂಡಿದ್ದು. ಗೇರು ಬಲಕ್ಕೆ, ಬ್ರೇಕು ಎಡಕ್ಕೆ. (ನಮ್ಮ ಮನೆಯಲ್ಲಿ ಎಲ್ಲವೂ ಉಲ್ಟಾ ಅಂತ ನಮ್ಮತ್ತೆ ಅನ್ನುತ್ತಿದ್ದರು. ಸೊಸೆಯನ್ನೂ ಸೇರಿಸಿ.)

ಹೊಸ ಸುದ್ದಿ ಏನೆಂದರೆ, ಬೇಸಿಗೆಯಲ್ಲಿ ನಮ್ಮನೆಯವರಿಗೆ ಎದೆನೋವು ಬಂತು. ಸ್ಟೆಂಟ್ ಹಾಕಿದರು. ಈಗ ಆರಾಮ ಇದ್ದಾರೆ. ಗಾಡಿ ಓಡಿಸಬಹುದು, ಕಿಕ್ ಮಾತ್ರ ಹೊಡೆಯುವಂತಿಲ್ಲ ಅಂದಿದ್ದಾರೆ ಡಾಕ್ಟರು. ಹಾಗಿದ್ದರೆ ಸ್ಕೂಟಿ ಇದೆಯಲ್ಲ ಅನ್ನುತ್ತೀರಾ? ಧೈರ್ಯವಿದ್ದರೆ ಅವರಿಗೇ ಹೇಳಿ ನೋಡಿ!

ಆಸ್ಪತ್ರೆಯಿಂದ ಬಂದಾಗಿನಿಂದ ಅವರಿಗೆ ಇದ್ದದ್ದು ಒಂದೇ ಆಸೆ. ಮಸ್ಕಿಯಲ್ಲಿ ಅವರ ಅಕ್ಕ ಇದ್ದಾರೆ. ಮೊಣಕಾಲು ನೋವಿನಿಂದ ಬಸ್ಸು ಹತ್ತಲಾಗದೆ ತಮ್ಮನನ್ನು ನೋಡಲು ಬರಲಾಗಿಲ್ಲ. ದಿನಾ ಫೋನಿನಲ್ಲಿ ಅಳು. "ಅಳಬ್ಯಾಡಕ್ಕ, ಗಾಡಿ ಮ್ಯಾಲೆ ನಾನ ಬರ್ತೀನಿ. ಆಗಾದ್ರೂ ನಾ ಆರಾಮ ಅದೀನಂತ ನಂಬ್ತಿ" ಎಂದು ಇವರು ಮಾತು ಕೊಟ್ಟಿದ್ದರು. ಭಾನುವಾರ ಅಂಗಳದಲ್ಲಿ ಒಂದು ಸುತ್ತು ಹೊಡೆದು ನೋಡೋಣ ಅಂತ ಹಾಲಿನ ಹುಡುಗನಿಂದ ಕಿಕ್ ಹೊಡೆಸಿ ಹತ್ತಿದಾಗಲೇ ಈ ಡ್ರಮ್ಮಿನ ಪ್ರಸಂಗ.

ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಕಟ್ಟೆಯ ಮೇಲೆ ಕೂತರು. ಮುಖ ಬಿಳಿಚಿತ್ತು.

"ಲಿಂಗಸೂರಿನ ಖಾಜಾಗ ಫೋನ್ ಹಚ್ಚು. ಗಾಡಿ ಒಯ್ಯಲಿ. ಅದೂ ಮುಗೀತು, ನಾನೂ ಮುಗದೆ."

ಖಾಜಾ ಅವರ ಬಾಲ್ಯದ ಗೆಳೆಯ, ಹಳೇ ಗಾಡಿಗಳ ಹುಚ್ಚ. ಗಾಡಿ ಹೋದರೆ ಹೋಗಲಿ. ಆದರೆ ಆ 'ನಾನೂ ಮುಗದೆ' ಅನ್ನುವ ಮಾತು? ಐಸಿಯು ಹೊರಗೆ ಕೂತಾಗಲೂ ನಾನು ಅಷ್ಟು ಹೆದರಿರಲಿಲ್ಲ.

ಫೋನ್ ಹಚ್ಚಿದೆ. ಬಯ್ಯಲು. ಇವರನ್ನು ನೋಡಲು ಬಂದಾಗ ಖಾಜಾ ಗಾಡಿಗೆ ಕೈ ಹಾಕಿದ್ದು ನನಗೆ ನೆನಪಿತ್ತು. "ಅಣ್ಣಾರ, ಈ ಗಾಡಿಗೆ ಏನು ಮಾಡೀರಿ?"

"ಯಾ ಅಲ್ಲಾ! ಭಾಭಿ, ನಾ ಏನೂ ಮಾಡಿಲ್ರಿ. ಬಸಣ್ಣನ್ನ ನೋಡಾಕ ಬಂದಾಗ ಚಾಲೂ ಮಾಡಿದ್ದೆ, ನಿಂತು ನಿಂತು ಕೆಡಬಾರದಂತ. ಬಂದ್ ಆಗಾಕತ್ತಿತ್ತು. ರೇಸ್ ಒಂದೀಟ ಏರ್ಸಿದೆ. ಅವಗ ಮತ್ತ ಮತ್ತ ಕಿಕ್ ಹೊಡಿಯೂ ತ್ರಾಸ ಬ್ಯಾಡಂತ, ಅಷ್ಟ."

ಅನುಮಾನ ಬಂತು. ನನ್ನ ತಮ್ಮನಿಗೆ ಹಚ್ಚಿದೆ. "ಹೌದಕ್ಕಾ, ನಾನೂ ಕಾಲು ಸುತ್ತು ತಿರುವಿದ್ದೆ. ಮಾಮಾಗ ದಾರ್‍ಯಾಗ ಬಂದ್ ಆಗಬಾರದಲ್ಲ?" ಪಕ್ಕದ ಮನೆಯ ರಿಟೈರ್ಡ್ ಕಂಡಕ್ಟರ್ ಗೋಡೆಯಾಚೆಯಿಂದಲೇ ಒಪ್ಪಿಕೊಂಡರು. "ಸ್ಕ್ರೂ ಮುಟ್ಟಿಲ್ರಿ ಮೇಡಂ. ರೇಸಿನ ಕೇಬಲ್ ಅಷ್ಟ ಬಿಗಿ ಮಾಡೀನಿ."

ಅರ್ಥವಾಯಿತಲ್ಲ? ರೇಸ್ ಅಂದರೆ ಆಕ್ಸಿಲರೇಟರ್ ಮುಟ್ಟದಿದ್ದಾಗಲೂ ಇಂಜಿನ್ ಓಡುವ ವೇಗ; ಅದು ಏರಿದ್ದರೆ ಕ್ಲಚ್ ಬಿಟ್ಟೊಡನೆ ಗಾಡಿ ಜಿಗಿಯುತ್ತದೆ. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರದಿದ್ದರೆ ಜನ್ಮಪೂರ್ತಿ ಮಾತು ಬಿಡುತ್ತಾರೆ. ಬಂದವರು ಸುಮ್ಮನೆ ಹೋಗುವುದೂ ಇಲ್ಲ. ಒಬ್ಬರು ಉಪ್ಪು ಬಿಡಿಸಿದರು, ಇನ್ನೊಬ್ಬರು ಮೆಟ್ಟಿಲು ಬಿಡಿಸಿದರು, ಮತ್ತೊಬ್ಬರು ನಗುವುದೂ ಹಾರ್ಟಿಗೆ ಕೆಟ್ಟದ್ದು ಅಂದರು. (ಅವರ ಜೋಕು ಕೇಳಿದವರಿಗೆ ಆ ಅಪಾಯವಿಲ್ಲ.) ಹೋಗುವಾಗ ಗಾಡಿಗೂ ತಲಾ ಕಾಲು ಸುತ್ತು ಪ್ರೀತಿ ತೋರಿಸಿ ಹೋಗಿದ್ದಾರೆ. ಒಬ್ಬರದ್ದೂ ತಪ್ಪಲ್ಲ. ಎಲ್ಲರದ್ದೂ ಸೇರಿದಾಗ ಡ್ರಮ್ಮು ಉರುಳಿತು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಕ್ರೂಡ್ರೈವರ್ ತಂದೆ. "ಹೇಳ್ರಿ, ಯಾವುದು ತಿರುವಲಿ?"

"ನಿನಗೇನು ತಿಳೀತೈತಿ, ಬಿಡು."

"ತಿಳಿಯಂಗಿಲ್ಲ, ಅದಕ್ಕ ಕೇಳಾಕತ್ತೀನಿ."

ನಾನು ಬೇಕೆಂದೇ ಬೇರೆ ಯಾವುದೋ ನಟ್ಟಿಗೆ ಕೈ ಹಾಕಿದೆ. "ಏ ಏ ಏ! ಅದಲ್ಲ!" ಕಟ್ಟೆಯಿಂದ ಎದ್ದೇ ಬಂದರು.

ಮೊದಲು ಕೇಬಲ್ ಸಡಿಲ ಮಾಡಿಸಿದರು. ಗಾಡಿ ಚಾಲೂ ಮಾಡಿ ಹ್ಯಾಂಡಲ್ಲನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿದೆ. ಹಾಗೆ ತಿರುಗಿಸಿದಾಗ ರೇಸ್ ತಾನಾಗಿ ಏರಬಾರದಂತೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾರ್ಬೊರೇಟರಿನ ರೇಸ್ ಸ್ಕ್ರೂ ಇಳಿಸುತ್ತ ಬಂದೆ. ಚೀರಾಟ ನಿಂತು ಗುಡುಗುಡು ಆಯಿತು. ಆಮೇಲೆ ಅದರ ಹತ್ತಿರದ ಗಾಳಿ ಸ್ಕ್ರೂ. ಅದನ್ನು ಆಚೆ ಈಚೆ ಒಂದು ಕೂದಲೆಳೆಯಷ್ಟು ತಿರುಗಿಸಿ, ಸದ್ದು ಎಲ್ಲಿ ಸಮವಾಗುತ್ತದೋ ಅಲ್ಲಿ ಬಿಡಬೇಕು. ಮತ್ತೆ ರೇಸ್ ಇಳಿಸಬೇಕು.

ಇಳಿಸಿದೆ. ಗಾಡಿ ಪಟ್ಟನೆ ಬಂದ್ ಆಯಿತು. ನಾನು ಗಾಬರಿಯಿಂದ ಅವರ ಮುಖ ನೋಡಿದೆ.

"ಬಂದ್ ಆಗ್ಲಿ. ಅದು ಎಲ್ಲಿ ಬಂದ್ ಆಕೈತಿ ಅಂತ ಗೊತ್ತಾದ್ರನ, ಎಲ್ಲಿ ಇಡಬೇಕಂತ ಗೊತ್ತಾಗ್ತೈತಿ. ಹೊಡಿ ಕಿಕ್. ಕಾಲು ಹುಷಾರ್, ಹಿಂದಕ್ಕ ಒದೀತೈತಿ."

ಬೇಸಿಗೆಯಿಂದ ಈಚೆ ನಮ್ಮ ಮನೆಯಲ್ಲಿ ಎದೆಯ ನೆನಪಾಗುತ್ತದೆಂದು ಇವರೆದುರು 'ಬಂದ್' ಅನ್ನುವ ಮಾತನ್ನು ಯಾರೂ ಆಡಿರಲಿಲ್ಲ. ಇವರು ಆಡಿದರು, ಅದೂ ಇಷ್ಟು ಸಲೀಸಾಗಿ! ನನಗೆ ಕಣ್ಣು ತುಂಬಿ ಬಂತು. ಹೊಗೆ ಅಂದೆ.

ಮತ್ತೊಂದು ಗಂಟೆ ಅದೇ ಕೆಲಸ. ಕೊನೆಗೆ ಗಾಡಿ ಊಟವಾದ ಹಿರಿಯರ ಹಾಗೆ ನಿಧಾನಕ್ಕೆ ಉಸಿರಾಡತೊಡಗಿತು. ಇವರು ಹತ್ತಿ ಕೂತರು. ನಾನು ಹಿಂದೆ ಕೂತೆ.

ಮಸ್ಕಿ ದಾರಿಯ ಎರಡೂ ಬದಿ ಭತ್ತ ಹಸಿರಾಗಿತ್ತು. ಪ್ರತಿ ರೋಡ್ ಹಂಪಿನಲ್ಲೂ ನಾನು ಉಸಿರು ಹಿಡಿದೆ. ಅವರು ಹಿಡಿಯಲಿಲ್ಲ. ಅಕ್ಕನ ಓಣಿ ಇನ್ನೇನು ಬಂತು ಅನ್ನುವಾಗ ಎಮ್ಮೆಯೊಂದು ಅಡ್ಡ ಬಂತು. ಬ್ರೇಕು ಹಾಕಿದರು. ಗಾಡಿ ಬಂದ್.

ಚಹಾದಂಗಡಿಯ ಮುಂದೆ ಕೂತವರೆಲ್ಲ ನೋಡತೊಡಗಿದರು. ನಾನಿಳಿದು ಬಲಗಡೆ ಬಂದು ಕಿಕ್ಕರ್ ಮೇಲೆ ಕಾಲಿಟ್ಟೆ. ಒಬ್ಬ ಹಿರಿಯರು ಓಡಿಯೇ ಬಂದರು. "ಯವ್ವಾ, ತಡಿ ತಡಿ! ಸಾವ್ಕಾರ್ರ, ರೇಸ್ ಒಂಚೂರು ಏರಸ್ಲೇನ್ರಿ? ಬಂದ್ ಆಗಂಗಿಲ್ಲ ನೋಡ್ರಿ."

"ಬ್ಯಾಡ್ರಿ ಯಜಮಾನ್ರ," ಅಂದರು ಇವರು. ನಗುತ್ತಿದ್ದರು. "ಬಂದ್ ಆದ್ರ ಆಗ್ಲಿ. ಚಾಲೂ ಮಾಡಾಕ ಇಕಿ ಅದಾಳ."

ಒಂದೇ ಕಿಕ್ಕಿಗೆ ಚಾಲೂ ಆಯಿತು ಅಂತ ಬರೆಯುವ ಆಸೆ. ಆಗಲಿಲ್ಲ. ಹೊಡೆದೆ, ಮತ್ತೆ ಹೊಡೆದೆ, ಆಮೇಲೆ ಆಯಿತು. ಆ ಸದ್ದಿಗೇ ಓಣಿಯ ಬಾಯಲ್ಲಿ ಅಕ್ಕ, ಮೊಣಕಾಲು ಮರೆತು ನಿಂತಿದ್ದರು.

ಕಾಯಿಲೆಯವರನ್ನು ನೋಡಲು ಹೊರಟವರೇ, ಖಂಡಿತ ಹೋಗಿ; ಸ್ಕ್ರೂಡ್ರೈವರ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.