ಟರ್ನರ್ ಯಾರಿಗೂ ಕೊಡದ ಡಾಗು

ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತಿನ ಮುಂದೆ ನಿಂತೇ ತಲೆ ನರೆಸಿಕೊಂಡ ಟರ್ನರ್ ಅವನು. ಯಾರಾದರೂ ಚಹಾ ತಂದುಕೊಟ್ಟರೆ ಮೊದಲು ಕೊಟ್ಟವನ ಮುಖ ನೋಡುತ್ತಿದ್ದ, ಆಮೇಲೆ ಲೋಟ. ನಮಸ್ಕಾರ ಅಂದವನು ಯಾಕಂದ ಎಂದು ಮಧ್ಯಾಹ್ನದವರೆಗೂ ತಲೆ ಕೆಡಿಸಿಕೊಳ್ಳುವ ಪೈಕಿ. ನಂಬಿದ್ದು ಒಂದನ್ನೇ, ತನ್ನ ಡಾಗನ್ನು.

ಡಾಗ್ ಎಂದರೆ ಬೊಗಳುವುದಲ್ಲ. ಕಡೆಯಬೇಕಾದ ಸರಳಿನ, ಅಂದರೆ ಶಾಫ್ಟಿನ, ತುದಿಯನ್ನು ಕಚ್ಚಿ ಹಿಡಿದು ಲೇತಿನ ಜೊತೆ ತಿರುಗಿಸುವ ಕಬ್ಬಿಣದ ಬಳೆ. ಕಚ್ಚಲು ಒಂದು ಸ್ಕ್ರೂ. ಗಾದೆಗೆ ತಪ್ಪದಂತೆ ಬಾಲವೂ ಡೊಂಕು. ಆ ಸ್ಕ್ರೂವಿನ ಮೊನೆಯನ್ನು ತಾನೇ ಉಜ್ಜಿ ಮೂರು ಮೂಲೆ ತಂದಿದ್ದ. ಕೆಲಸ ಮುಗಿದರೆ ಡಾಗು ಪೆಟ್ಟಿಗೆಯೊಳಗೆ, ಬಾಲ ಬಲಕ್ಕೆ, ಮೇಲೆ ಬೀಗ.

ಒಂದು ಬೆಳಿಗ್ಗೆ ಬಾಲ ಎಡಕ್ಕಿತ್ತು.

ಅದೇ ಹೊತ್ತಿಗೆ ಸೂಪರ್‌ವೈಸರ್ ಒಂದು ಶಾಫ್ಟ್ ಹಿಡಿದು ಬಂದ. ಕನ್ನಡಿಯಂಥ ಮೈಮೇಲೆ ಒಂದು ತಗ್ಗು. ಯಾರ ಕೆಲಸವೆಂದು ನಾಳೆಯೊಳಗೆ ತಿಳಿಯಬೇಕು, ತಿಳಿದರೆ ಅವನ ಕೆಲಸ ಉಳಿಯುವುದಿಲ್ಲ ಎಂದ. ಆ ಶಾಫ್ಟುಗಳನ್ನು ತಿರುಗಿಸಿದವರು ಇಬ್ಬರೇ: ಟರ್ನರ್ ಮತ್ತು ಪಕ್ಕದ ಲೇತಿನ ಅವನ ಬಾಮೈದ. ತಗ್ಗಿಗೆ ಮೂರು ಮೂಲೆ. ಟರ್ನರಿನ ಡಾಗನ್ನು ಬಾಮೈದನೇ ಕದ್ದು ಬಳಸಿದ್ದಾನೆ, ಇನ್ನೇನು ಬೇಕು? ಅವನು ಚಹಾಕ್ಕೆ ಹೋದರೆ ಇವನೂ ಹೋದ, ಕೈ ತೊಳೆಯಲು ಹೋದರೆ ಅಲ್ಲಿಗೂ.

ಮನೆಯಲ್ಲಿ ಹೇಳಿದಾಗ ಹೆಂಡತಿ ಪಾತ್ರೆ ಕುಕ್ಕಿದಳು. ಓದುತ್ತಿದ್ದ ಮಗಳಿಗೆ ಮಾತ್ರ ನಗು. ಇಂಗ್ಲಿಷಿನವರು ಪುಟದ ಮೂಲೆ ಮಡಚಿದರೂ ನಾಯಿ ಕಿವಿ ಅನ್ನುತ್ತಾರೆ, ಸುಸ್ತಾದರೂ ನಾಯಿಯಷ್ಟು ಸುಸ್ತು ಅನ್ನುತ್ತಾರೆ ಎಂದು ಶುರು ಹಚ್ಚಿಕೊಂಡಳು.

"ಇನ್ನೊಂದಿದೆ ಅಪ್ಪ. ಒಬ್ಬರ ಬೆನ್ನು ಬಿಡದೆ ಸುತ್ತೋದಕ್ಕೂ ಡಾಗ್ ಅಂತಲೇ ಹೇಳೋದು. ನೀನು ಇವತ್ತಿಡೀ ಮಾವನಿಗೆ ಮಾಡಿದ್ದು ಅದೇ."

"ನಿಂಗ್ಯಾರು ಹೇಳಿದ್ದು?"

"ಮಾವನೇ."

ಮಗಳೂ ಆ ಕಡೆಯವಳೇ ಎಂದುಕೊಂಡ.

ಮರುದಿನ ಸೂಪರ್‌ವೈಸರ್ ಕೋಣೆಯ ಬಾಗಿಲಲ್ಲಿ ಬಾಮೈದ ಅಡ್ಡ ನಿಂತ. "ಭಾವ, ನನ್ನ ಹೆಸರು ಹೇಳೋಕೆ ಹೊರಟಿದ್ದೀರಿ. ಪೆಟ್ಟಿಗೆ ತೆಗೆದವನು ನಾನೇ, ಎರಡನೇ ಕೀಲಿ ಅಕ್ಕ ಕೊಟ್ಟಳು. ಆದರೆ ಶಾಫ್ಟ್ ನಿಮ್ಮದು."

"ಪೆಟ್ಟಿಗೆ ತೆಗೆದವನ ಮಾತು ನಂಬಬೇಕಾ?"

"ನಂಬಬೇಡಿ. ನಿಮ್ಮ ತಾಮ್ರದ ಪಟ್ಟಿ ನೋಡಿ ಬನ್ನಿ."

ಶಾಫ್ಟನ್ನು ಅರ್ಧ ನುಣುಪು ಮಾಡಿ, ತಿರುವಿ ಹಾಕಿ, ನುಣುಪಾದ ತುದಿಗೆ ಡಾಗ್ ಬಿಗಿಯುವಾಗ ಸ್ಕ್ರೂವಿನ ಅಡಿಗೆ ತಾಮ್ರದ ಪಟ್ಟಿ ಇಡಬೇಕು. ಇಲ್ಲವಾದರೆ ಕಬ್ಬಿಣ ಕಬ್ಬಿಣವನ್ನು ಕಚ್ಚುತ್ತದೆ. ಸ್ಟೋರಿನವನು ಕೊಡುವ ತಾಮ್ರ ಕಲಬೆರಕೆ ಎಂಬ ಗುಮಾನಿಯಿಂದ ಟರ್ನರ್ ವರ್ಷಗಟ್ಟಲೆ ಹಳೆಯ ಪಟ್ಟಿಯನ್ನೇ ಬಳಸಿದ್ದ. ಹೋಗಿ ಅದನ್ನು ಬೆಳಕಿಗೆ ಹಿಡಿದ. ನಟ್ಟನಡುವೆ ಮೂರು ಮೂಲೆಯ ತೂತು. ಪೆಟ್ಟಿಗೆಯ ತಳದಲ್ಲಿ ತಾನು ಇಡದ ಹೊಸ ಪಟ್ಟಿ; ಬಾಮೈದ ಪೆಟ್ಟಿಗೆ ತೆಗೆದದ್ದು ಇದನ್ನಿಡಲು.

"ಬಾಯಲ್ಲಿ ಹೇಳೋಕೇನಾಗಿತ್ತು?" ಎಂದ ಬಾಮೈದನಿಗೆ.

"ಹೇಳಿದ್ರೆ ಕೇಳ್ತಿದ್ರಾ ಭಾವ?"

ಟರ್ನರ್ ಒಳಗೆ ಹೋಗಿ ತಪ್ಪು ತನ್ನದೆಂದ. ಸೂಪರ್‌ವೈಸರ್ ಅವನ ನರೆತ ತಲೆ ನೋಡಿದ. ಮನೆಗೆ ಕಳಿಸಲಿಲ್ಲ. ಇನ್ನು ಮೇಲೆ ನುಣುಪಿನ ಕೆಲಸ ಬಾಮೈದನಿಗೆ, ಇವನಿಗೆ ಒರಟು ಕೆಲಸ ಮಾತ್ರ ಎಂದ.

ಹೊರಬಂದವನು ಡಾಗನ್ನು ಬಾಮೈದನ ಕೈಗೆ ಹಾಕಿದ. ಬಾಮೈದ ಪಟ್ಟಿ ಇಟ್ಟು ಸ್ಕ್ರೂ ಬಿಗಿದ. ಟರ್ನರ್ ಬಗ್ಗಿ ನೋಡಿದ.

"ಪಟ್ಟಿ ಇದೆ ಭಾವ."

"ಬಿಚ್ಚಿ ತೋರಿಸು."